ಬಿಳಿ ಗೆರೆ, ಹಳದಿ ಗೆರೆ

ಮೊನ್ನೆ ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿ ಸಿಗ್ನಲ್ಲಿಗೆ ನಿಂತಿದ್ದಾಗ ಪಕ್ಕದ ಲೇನಿಗೆ ಛಾವಣಿ ಮಡಚಿದ ಕಾರೊಂದು ಬಂದು ನಿಂತಿತು. ತಿರುಗಿ ನೋಡುವ ಮೊದಲೇ ಮೂಗಿಗೆ ವಾಸನೆ ಬಡಿಯಿತು. ಪೆಟ್ರೋಲಿನ ಹೊಗೆಯಲ್ಲ, ಸಿಹಿ ಹೊಗೆ. ಮೆಕ್ಕೆಜೋಳದಿಂದ ತೆಗೆದ ಸ್ಪಿರಿಟ್ಟನ್ನು ಪೆಟ್ರೋಲಿಗೆ ಬೆರೆಸಿ ಇಲ್ಲಿನ ಬಂಕುಗಳಲ್ಲಿ ಮಾರುತ್ತಾರೆ. ಎಂಜಿನ್ನಿನಿಂದ ಕಂಪನಿ ಕೊಟ್ಟಿದ್ದಕ್ಕಿಂತ ಹೆಚ್ಚು ಶಕ್ತಿ ಹಿಂಡಬೇಕು ಅನ್ನುವವರು ಅದನ್ನು ಹಾಕಿಸುತ್ತಾರೆ. ನಮ್ಮ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಕಾಕಂಬಿ ವಾಸನೆ ಬರುತ್ತಿತ್ತಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಬೇರೆಯವರಿಗೆ ಅದು ಹೇಗಿರುತ್ತದೋ ಕಾಣೆ. ನನಗೆ ಮಾತ್ರ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ. ಎಂಟು ವರ್ಷವಾಯಿತು, ಇನ್ನೂ ಬೀಳುತ್ತದೆ.

ಹಸಿರು ದೀಪ ಬಂದಿದ್ದೂ ತಿಳಿಯಲಿಲ್ಲ. ಹಿಂದಿನವನು ಹಾರ್ನ್ ಹೊಡೆದ ಮೇಲೆ ಕಾರು ಮುಂದೆ ತೆಗೆದೆ. ಮನಸ್ಸು ಅಷ್ಟು ಹೊತ್ತಿಗೆ ಮಿಶಿಗನ್ನಿಗೆ ಹೋಗಿ ಅಂಕಲ್ ಎದುರು ನಿಂತಾಗಿತ್ತು...

ಅಂಕಲ್ ಅಂದರೆ ನನ್ನ ನೆಂಟರೇನಲ್ಲ. ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಮೈಸೂರಿನವರು. ಕಾರು ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾಗಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಯಾವಾಗಲೂ ಪೆನ್ನಿನಷ್ಟು ಸಣ್ಣದೊಂದು ಟಾರ್ಚು.

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಬಿಟ್ಟ ಮಾರನೆಯ ದಿನದಿಂದ ದುಡಿದಿದ್ದೇನೆ, ಒಂದು ದಿನವೂ ಸುಮ್ಮನೆ ಕೂತು ಉಂಡವನಲ್ಲ. ಮಂಡ್ಯದ ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದೆ. ಹೆಂಡತಿ ನರ್ಸ್. ಅವಳಿಗೆ ಡೆಟ್ರಾಯ್ಟಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಯಾವ ಕಂಪನಿ ಅಂತ. ಮೆಕ್ಯಾನಿಕ್ ಅಂದರೆ "ಓ, ನೈಸ್" ಅಂದು, ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಇನ್ನೊಂದು ಟೇಬಲ್ಲಿಗೆ ಹೋಗಿಬಿಡುತ್ತಿದ್ದರು.

ಅಂಥ ಒಂದು ಊಟ ಮುಗಿಸಿ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದಾಗ ಅಂಕಲ್ ಕಾರು ನನ್ನ ಮುಂದೆ ಹಾದುಹೋಯಿತು. ಕೈ ಅಡ್ಡ ಹಾಕಿ ನಿಲ್ಲಿಸಿದೆ.

"ಅಂಕಲ್, ಮುಂದ್ಗಡೆ ಎಡಗಡೆ ಚಕ್ರದ ಬೇರಿಂಗ್ ಹೋಗೈತೆ."

"ನೋಡ್ದೇನೇ ಹ್ಯಾಗಯ್ಯ ಹೇಳ್ತೀಯ?"

"ನಾನೆಲ್ಲಿ ಹೇಳ್ದೆ, ಅದೇ ಬಾಯ್ ಬಡ್ಕೊತಾ ಐತಲ್ಲ. ನಿಮ್ಗೆ ಕೇಳುಸ್ತಿಲ್ವಾ?"

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಜೋರಾಗಿ ನಕ್ಕರು. "ಯಾವೂರಯ್ಯ ನಿಂದು?" ಅಂದರು. ಮಂಡ್ಯ ಅಂದೆ. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರೇ ಮಂಡ್ಯ ಆಯಿತು. ಬೇರಿಂಗ್ ಹೋಗಿದ್ದು ನಿಜ ಅಂತ ಗೊತ್ತಾದ ಎರಡು ವಾರಕ್ಕೆ, ತಾವು ವಾರಕ್ಕೆ ಮೂರು ದಿನ ಸಲಹೆಗಾರರಾಗಿ ಹೋಗುತ್ತಿದ್ದ ಶಾಪಿಗೆ ನನ್ನನ್ನು ಸೇರಿಸಿದರು. ಅದನ್ನು ಇಲ್ಲ ಅನ್ನುವುದಿಲ್ಲ.

ಅದು ಸಿರಿವಂತರ ಕಾರುಗಳನ್ನು ಇನ್ನಷ್ಟು ಜೋರು ಮಾಡಿಕೊಡುವ ಶಾಪು. ನಾಲ್ಕು ಲಿಫ್ಟು, ಗಾಜಿನ ಗೋಡೆಯ ಒಂದು ಎಂಜಿನ್ ಕೋಣೆ, ಹಿಂದುಗಡೆ ಡೈನೋ. ಡೈನೋ ಅಂದರೆ ಕಾರನ್ನು ದಪ್ಪ ಉರುಳೆಗಳ ಮೇಲೆ ಹತ್ತಿಸಿ, ಸರಪಣಿ ಬಿಗಿದು, ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ. ಬಾಸ್ ಅಮೆರಿಕದವನು, ಮಾತು ಕಮ್ಮಿ, ಕೆಲಸ ಗೊತ್ತಿದ್ದವನು. ಮೊದಲೆರಡು ವರ್ಷ ನನಗೆ ಸಿಕ್ಕಿದ್ದು ಬ್ರೇಕು, ಕ್ಲಚ್ಚು, ಆಯಿಲ್ಲು. ಗಾಜಿನ ಕೋಣೆಗೆ ಪ್ರವೇಶವಿರಲಿಲ್ಲ. ನನ್ನನ್ನು ಅದರೊಳಗೆ ಕರೆದುಕೊಂಡು ಹೋದವರೂ ಅಂಕಲ್ಲೇ.

ಕಲಿಸಿದರು. ಅದೂ ನಿಜ. ಮಂಡ್ಯದಲ್ಲಿ ನಮಗೆ ಗೊತ್ತಿದ್ದುದು ಇಂಚು, ಬಿಟ್ಟರೆ ಇಂಚಿನ ಎಂಟರಲ್ಲೊಂದು ಭಾಗದ ನೂಲು. ಇಲ್ಲಿ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಅದನ್ನು ಅರ್ಥ ಮಾಡಿಸಲು ಒಂದು ದಿನ ಮೈಕ್ರೋಮೀಟರ್ ಕೈಗೆ ಕೊಟ್ಟು, "ನಿನ್ನ ತಲೆಕೂದಲು ಒಂದು ಕಿತ್ತು ಅಳೆ" ಅಂದರು.

"ನಿಮ್ದೇ ಕಿತ್ಕೊಳ್ಳಿ ಅಂಕಲ್."

"ನಂದು ಇರೋದೇ ಹನ್ನೆರಡು ಕಣಯ್ಯ. ಪ್ರತಿಯೊಂದಕ್ಕೂ ಹೆಸರಿಟ್ಟಿದೀನಿ."

ಅಳೆದೆ. ಸಾವಿರದಲ್ಲಿ ಮೂರು ಬಂತು. "ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ಸಂದು ಈ ಕೂದಲಿಗಿಂತ ಕಮ್ಮಿ, ತಿಳ್ಕೋ" ಅಂದರು. ಇಂಥ ಮಾತು ಬೇರೆ ಯಾರು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು? ಆ ಕೋಣೆಯೊಳಗೆ ಇಬ್ಬರೇ ನಿಂತು ಕನ್ನಡದಲ್ಲಿ ಎಂಜಿನ್ ಬಗ್ಗೆ ಮಾತಾಡುತ್ತಿದ್ದ ಆ ಮಧ್ಯಾಹ್ನಗಳು... ಇರಲಿ. ಅದನ್ನೇ ನೆನೆಸಿಕೊಂಡು ಕೂತರೆ ಹೇಳಬೇಕಾದ್ದು ಹೇಳಲಾಗುವುದಿಲ್ಲ.

ಒಂದು ಚಾಳಿ ಮಾತ್ರ ಅವರಲ್ಲಿ ನನಗೆ ಮೊದಲಿಂದಲೂ ಚುಚ್ಚುತ್ತಿತ್ತು. ಕೂಟದ ಸಭೆಗಳಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಮಂಡ್ಯ. ಎಂಟನೇ ಕ್ಲಾಸು. ಆದ್ರೆ ಕೈ ನೋಡಬೇಕು ನೀವು!" ಅಂತ ಪರಿಚಯ ಮಾಡಿಸುತ್ತಿದ್ದರು. ಆ 'ಆದ್ರೆ' ನನಗೆ ಕೇಳಿಸುತ್ತಿತ್ತು. ಅವರಿಗೆ ಕೇಳಿಸುತ್ತಿರಲಿಲ್ಲ.

ಈಗ ಗೆರೆಯ ವಿಷಯ ಹೇಳಬೇಕು. ಎಂಜಿನ್ ಕಟ್ಟುವಾಗ ಒಳಗಿನ ಬೋಲ್ಟುಗಳನ್ನು ಇಂತಿಷ್ಟೇ ಬಿಗಿ ಅಂತ ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತೇವೆ. ಬಿಗಿ ಸರಿಯಾದಾಗ ರೆಂಚು ಟಿಕ್ ಅನ್ನುತ್ತದೆ. ಟಿಕ್ ಅಂದ ಮೇಲೆ ಬಿಳಿ ಪೇಂಟಿನ ಪೆನ್ನಿನಿಂದ ಬೋಲ್ಟಿನ ತಲೆಯಿಂದ ಅದು ಕೂತಿರುವ ಲೋಹದ ಮೇಲಕ್ಕೆ ಒಂದೇ ನೇರ ಗೆರೆ ಎಳೆಯಬೇಕು. ಆಮೇಲೆ ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಅಲ್ಲಿಗೇ ತುಂಡಾಗಿ, ಎರಡು ಅರ್ಧಗಳು ಬೇರೆ ಬೇರೆ ಕಡೆ ನೋಡುತ್ತವೆ. ಅಂಕಲ್ ತಮ್ಮ ಲ್ಯಾಬಿನ ಕಟ್ಟುನಿಟ್ಟನ್ನು ಈ ಶಾಪಿಗೂ ತಂದಿದ್ದರು. ಬಿಗಿ ಮಾಡಿದವನು ಬಿಳಿ ಎಳೆಯಬೇಕು. ಇನ್ನೊಬ್ಬ ಬಂದು ಮತ್ತೆ ರೆಂಚು ಹಾಕಿ ಪರೀಕ್ಷಿಸಿ, ಬಿಳಿಯ ಪಕ್ಕದಲ್ಲೇ ಹಳದಿ ಎಳೆಯಬೇಕು. ಹಳದಿ ಬಿದ್ದ ಮೇಲೆ ಯಾರೂ ಕೈ ಹಾಕುವಂತಿಲ್ಲ. ನಾನು ಕಟ್ಟಿದ ಎಂಜಿನ್ನಿಗೆಲ್ಲ ಬಿಳಿ ನನ್ನದು, ಹಳದಿ ಅಂಕಲ್‌ದು. ಅವರ ಹಳದಿ ಬಿದ್ದ ಮೇಲೆ ನಾನು ಮತ್ತೆ ರೆಂಚು ಹಿಡಿಯುವುದೆಂದರೆ, ಹಿರಿಯರು ಬಡಿಸಿದ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಆ ಕೆಲಸ ನಾನು ಮಾಡುವವನಲ್ಲ.

ಕಾರು ಪಕ್ಕದ ಊರು ಆನ್ ಆರ್ಬರ್‌ನ ಒಬ್ಬ ಹೃದಯದ ಡಾಕ್ಟರದು. ಎರಡು ಬಾಗಿಲು, ಗುಂಡಿ ಒತ್ತಿದರೆ ಛಾವಣಿ ಮಡಚಿಕೊಂಡು ಹಿಂದೆ ಹೋಗುವಂಥದು. ಒಳಗೆಲ್ಲ ಕೆನೆ ಬಣ್ಣದ ಚರ್ಮ. ಕಂಪನಿಯಿಂದ ಬರುವಾಗಲೇ ಆರುನೂರು ಹಾರ್ಸ್‌ಪವರ್ ಇದ್ದ ಗಾಡಿ ಅದು. ಡಾಕ್ಟರಿಗೆ ಅಷ್ಟು ಸಾಲದು, ಸಾವಿರ ಬೇಕಿತ್ತು. ಬಾಸ್ ಒಪ್ಪಿಕೊಂಡ. ಎಂಜಿನ್ ಪೂರ್ತಿ ನನ್ನ ಕೈಗೆ ಕೊಟ್ಟ. ಮೊದಲನೇ ಸಲ, ಪೂರ್ತಿ.

ಆ ಶಾಪಿನಲ್ಲಿ ಎಂಜಿನ್ನಿನ ಮೇಲೆ ಒಂದು ಸಣ್ಣ ಅಲ್ಯೂಮಿನಿಯಂ ತಗಡು ಕೂರಿಸುತ್ತಿದ್ದರು. ಅದರ ಮೇಲೆ ಕಟ್ಟಿದವನ ಹೆಸರು ಕೊರೆದಿರುತ್ತಿತ್ತು. ಯಾರಾದರೂ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದೇ ಆ ಹೆಸರು. ಅಂಥ ತಗಡಿದ್ದವನು ಆ ಊರಲ್ಲಿ ಯಾವ ಶಾಪಿಗೆ ಹೋದರೂ ಎಂಜಿನ್ ಕಟ್ಟುವವನು. ಇಲ್ಲದವನು ಆಯಿಲ್ ಬದಲಾಯಿಸುವವನು. ಬಾಸ್ ನನ್ನ ಹೆಸರಿನ ಸ್ಪೆಲಿಂಗ್ ಕೇಳಿ ಬರೆದುಕೊಂಡಾಗ ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಮಾರ್ಕ್ಸ್ ಕಾರ್ಡಿನ ಮೇಲಲ್ಲದೆ ನನ್ನ ಹೆಸರು ಬೇರೆಲ್ಲೂ ಅಚ್ಚಾಗಿರಲಿಲ್ಲ. ಆ ಮಾರ್ಕ್ಸ್ ಕಾರ್ಡಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆ ಚಳಿಗಾಲ ಮೂರು ತಿಂಗಳು ನಾನು ಅದರ ಮೇಲೆ ಬಿದ್ದಿದ್ದೆ. ಪಿಸ್ಟನ್ನು, ಕನೆಕ್ಟಿಂಗ್ ರಾಡು ಎಲ್ಲ ತೆಗೆದು ಗಟ್ಟಿ ಉಕ್ಕಿನವು ಹಾಕಿದ್ದು. ಗಾಳಿ ನೂಕುವ ಸೂಪರ್‌ಚಾರ್ಜರ್ ದೊಡ್ಡದು. ಜೋಳದ ಸ್ಪಿರಿಟ್ಟು ಪೆಟ್ರೋಲಿಗಿಂತ ಹೆಚ್ಚು ಸುರಿಯಬೇಕು, ಅದಕ್ಕೆ ಪಂಪು, ಪೈಪು, ಇಂಜೆಕ್ಟರು ಎಲ್ಲ ಹೊಸದು. ಇನ್ನು ಛಾವಣಿಯಿಲ್ಲದ ಕಾರಿನ ಮೈ ಮುಚ್ಚಳವಿಲ್ಲದ ರಟ್ಟಿನ ಡಬ್ಬ, ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. ಸಾವಿರ ಕುದುರೆ ಎಳೆದರೆ ಬಾಗಿಲು ಹಾಕಲೂ ಬರುವುದಿಲ್ಲ. ಅಂಕಲ್ ಬಾಗಿಲ ಸಂದಿಗೆ ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ ನನಗೆ ಜ್ಯಾಕ್ ಎತ್ತಲು ಹೇಳುತ್ತಿದ್ದರು. ಕಾರ್ಡು ಸಡಿಲವಾಗಿ ಬಿದ್ದರೆ ಮೈ ತಿರುಚಿದೆ ಅಂತ ಅರ್ಥ. ತಳದಲ್ಲಿ ಇನ್ನೊಂದು ಅಡ್ಡಪಟ್ಟಿ ಬೆಸುಗೆ ಹಾಕುವುದು, ಮತ್ತೆ ಎತ್ತುವುದು. ಹತ್ತನೇ ಸಲವೋ ಹನ್ನೊಂದನೇ ಸಲವೋ ಕಾರ್ಡು ನಿಂತಿತು. "ನೋಡಯ್ಯ, ನನ್ನ ವಿಸಿಟಿಂಗ್ ಕಾರ್ಡು ಕೊನೆಗೂ ಒಂದು ಉಪಯೋಗಕ್ಕೆ ಬಂತು" ಅಂದರು. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು.

ಫೆಬ್ರವರಿಯ ಒಂದು ಶುಕ್ರವಾರ ಪಿಸ್ಟನ್ನುಗಳ ಎಂಟು ರಾಡುಗಳನ್ನು, ಅವು ತಿರುಗಿಸುವ ಕ್ರ್ಯಾಂಕು ಅನ್ನುವ ದಪ್ಪ ದಂಡಕ್ಕೆ ಕೂರಿಸಿದೆ. ಒಂದೊಂದಕ್ಕೆ ಎರಡು ಬೋಲ್ಟು, ಒಟ್ಟು ಹದಿನಾರು. ಪ್ರತಿ ಸಂದೂ ಮೂರು ಮೂರು ಸಲ ಅಳೆದಿದ್ದೆ. ಹದಿನಾರು ಟಿಕ್, ಹದಿನಾರು ಬಿಳಿ ಗೆರೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಡ್ಯೂಟಿಯಿಂದ ಬಂದು ಕಾಲು ಚಾಚಿ ಕೂತಿದ್ದಳು. "ಹದಿನಾರಾ? ಮುಯ್ಯಿ ಹಾಕೋ ಹಂಗೆ ಒಂದು ಹೆಚ್ಚಿಗೇನೇ ಹಾಕ್ಬೇಕಿತ್ತು" ಅಂದಳು.

ಶನಿವಾರ ಶಾಪಿಗೆ ರಜೆ. ಅಂಕಲ್ ಬಳಿ ಬೀಗದ ಕೈ ಇತ್ತು. ಸೋಮವಾರ ನಾನು ಬಂದು ನೋಡಿದಾಗ ಹದಿನಾರು ಬೋಲ್ಟಿನ ಮೇಲೂ ಹಳದಿ ಬಿದ್ದಿತ್ತು. ಕೈಮುಗಿದು ಎಂಜಿನ್ ತಳಕ್ಕೆ ಆಯಿಲ್ ಪ್ಯಾನ್ ಕೂರಿಸಿ ಮುಚ್ಚಿಬಿಟ್ಟೆ. ಬಗ್ಗಿ ಒಂದೊಂದೇ ಬಿಳಿ ಗೆರೆ ನೋಡಬಹುದಿತ್ತು. ನೋಡಲಿಲ್ಲ. ಹಿರಿಯರು ನೋಡಿದ್ದಾರಲ್ಲ, ಅಂದುಕೊಂಡೆ. ನನ್ನ ಪಾಲಿನ ತಪ್ಪು ಏನಾದರೂ ಇದ್ದರೆ ಅಷ್ಟೇ. ಅದಕ್ಕಿಂತ ಒಂದು ಕೂದಲಿನಷ್ಟೂ ಹೆಚ್ಚು ನಾನು ಒಪ್ಪುವುದಿಲ್ಲ.

ಏಪ್ರಿಲಿನಲ್ಲಿ ಕಾರು ಡೈನೋ ಹತ್ತಿತು. ಡಾಕ್ಟರೂ ಬಂದಿದ್ದರು. ಅಂಕಲ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಬಾಸ್ ಸ್ಟೀರಿಂಗ್ ಹಿಡಿದ. ಒಂದೊಂದು ಸಲವೂ ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತಾ ಹೋಗುವುದು ಕ್ರಮ. ಏಳುನೂರು ಬಂತು, ಎಂಟುನೂರು ಬಂತು. ಇಡೀ ಶಾಪು ಸಿಹಿ ಹೊಗೆಯಿಂದ ತುಂಬಿತು. ಒಂಬೈನೂರ ಹತ್ತು ಬಂದಾಗ ಡಾಕ್ಟರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಏಳನೇ ಸಲ ಎಳೆದಾಗ ಆ ಘರ್ಜನೆಯ ಅಡಿಯಲ್ಲಿ ನನಗೊಂದು ಸದ್ದು ಕೇಳಿಸಿತು. ಟಕ, ಟಕ, ಟಕ. ಬಾಸಿಗಿಂತ ಮೊದಲು ನಾನು ಕೈ ಎತ್ತಿ "ಸ್ಟಾಪ್" ಅಂತ ಕೂಗಿದೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಒಳಗೆ ಯಾವುದೋ ರಾಡಿನ ಬೇರಿಂಗ್ ಸುಟ್ಟು ಕ್ರ್ಯಾಂಕನ್ನೂ ತಿಂದಿತ್ತು.

ಬಾಸ್ ಎಂಜಿನ್ ಆಫ್ ಮಾಡಿ ಕಾರಿನಿಂದ ಇಳಿದ. ಎಂಜಿನ್ ಇನ್ನೂ ಬಿಚ್ಚಿಲ್ಲ, ಏನಾಗಿದೆ ಅಂತ ಯಾರೂ ನೋಡಿಲ್ಲ. ಆಗ ಅಂಕಲ್ ಮುಂದೆ ಬಂದು, ಬಾಸಿಗೂ ಡಾಕ್ಟರಿಗೂ ಕೇಳಿಸುವ ಹಾಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. "ತಪ್ಪು ನನ್ನದು. ಅವನಿಗೆ ಯಾರೂ ಏನೂ ಅನ್ನಬೇಡಿ."

ಈ ಎರಡು ಮಾತುಗಳನ್ನು ನಾನು ಎಂಟು ವರ್ಷದಿಂದ ಜಗಿಯುತ್ತಿದ್ದೇನೆ. ಮೊದಲನೆಯ ಮಾತು ಸತ್ಯ. ಎರಡನೆಯ ಮಾತು ಆ ಸತ್ಯವನ್ನು ಸುಳ್ಳು ಮಾಡಿಬಿಟ್ಟಿತು. ಕೇಳಿದವರಿಗೆಲ್ಲ ಅರ್ಥವಾಗಿದ್ದು ಒಂದೇ: ಓದಿಲ್ಲದವನು ಎಡವಟ್ಟು ಮಾಡಿದ್ದಾನೆ, ದೊಡ್ಡ ಮನುಷ್ಯರು ಅದನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆ. ಬಾಸ್ ಅಂಕಲ್ ಹೆಗಲ ಮೇಲೆ ಕೈಯಿಟ್ಟ. ಡಾಕ್ಟರು ಅವರ ಕೈ ಕುಲುಕಿದರು. ಕಾರು ಹಾಳಾದವರೇ ಕೈ ಕುಲುಕಿದರು! ನನ್ನ ಮುಖ ಯಾರೂ ನೋಡಲಿಲ್ಲ. ನಾನೂ ಆ ಕ್ಷಣ ಬೆಪ್ಪನ ಹಾಗೆ, ನನ್ನದೇ ತಪ್ಪಿರಬೇಕು, ಅಂಕಲ್ ನನ್ನನ್ನು ಉಳಿಸುತ್ತಿದ್ದಾರೆ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಆ ನೀರು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಾರನೆಯ ದಿನ ಎಂಜಿನ್ ಕೆಳಗಿಳಿಸಿ ನಾನೇ ಬಿಚ್ಚಿದೆ. ಆರನೇ ರಾಡು. ಬೇರಿಂಗ್ ಕರಕಲಾಗಿ ಹಾಳೆಯಾಗಿತ್ತು. ಎರಡು ಬೋಲ್ಟೂ ಸ್ಪ್ಯಾನರ್ ಮುಟ್ಟಿಸಿದರೆ ಸಾಕು, ಸಲೀಸಾಗಿ ತಿರುಗುವಷ್ಟು ಸಡಿಲ. ಅಂಕಲ್‌ದೇ ಥರದ ಒಂದು ಟಾರ್ಚು ಹಿಡಿದು, ಬೋಲ್ಟು ಬಿಚ್ಚುವ ಮೊದಲು ಗೆರೆ ನೋಡಿದೆ.

ಬಿಳಿ ಗೆರೆ ತುಂಡಾಗಿತ್ತು. ಹಳದಿ ಗೆರೆ ತುಂಡಾಗಿರಲಿಲ್ಲ.

ಬೋಲ್ಟು ತಾನಾಗಿ ಸಡಿಲವಾಗಿದ್ದರೆ ಎರಡು ಗೆರೆಯೂ ಒಟ್ಟಿಗೇ ತುಂಡಾಗಬೇಕಿತ್ತು. ಬಿಳಿ ಮುರಿದು ಹಳದಿ ನೆಟ್ಟಗಿದೆ ಅಂದರೆ ಒಂದೇ ಅರ್ಥ. ನಾನು ಬಿಗಿ ಮಾಡಿ ಬಿಳಿ ಎಳೆದ ಮೇಲೆ ಯಾರೋ ಆ ಬೋಲ್ಟುಗಳನ್ನು ಬಿಚ್ಚಿದ್ದಾರೆ, ಕೈಯಲ್ಲಿ ತಿರುಗಿಸಿ ವಾಪಸು ಕೂರಿಸಿದ್ದಾರೆ, ರೆಂಚು ಹಾಕುವುದು ಮರೆತಿದ್ದಾರೆ, ಆಮೇಲೆ ಹಳದಿ ಎಳೆದಿದ್ದಾರೆ. ಹಳದಿ ಪೆನ್ನು ಯಾರ ಜೇಬಿನಲ್ಲಿತ್ತು ಅಂತ ನಾನು ಹೇಳಬೇಕಾಗಿಲ್ಲ. ಬಿಚ್ಚಿದ್ದು ಯಾಕೆ? ಅಳೆಯಲು. ನಾನು ಮೂರು ಸಲ ಅಳೆದಿದ್ದನ್ನು ಇನ್ನೊಮ್ಮೆ ಅಳೆಯಲು. ಎಂಟನೇ ಕ್ಲಾಸಿನವನು ಅಳೆದಿದ್ದಲ್ಲವೇ.

ಆ ರಾಡಿನ ತಲೆಯನ್ನು ಬಿಚ್ಚಿ ತೆಗೆದು, ಹಳದಿ ಗೆರೆ ಮತ್ತೆ ಕೂಡುವಷ್ಟೇ ಬೋಲ್ಟು ತಿರುಗಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಬಾಸ್ ರೂಮಿಗೆ ಹೋದೆ. ಕನ್ನಡದಲ್ಲಾಗಿದ್ದರೆ ಎರಡು ನಿಮಿಷದ ಮಾತು. ಇಂಗ್ಲಿಷಿನಲ್ಲಿ ನಾನು ವೈಟ್, ಯೆಲ್ಲೋ ಅಂತ ತಡವರಿಸುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. ಆ ವಯಸ್ಸಾದವರು ನಿನಗಾಗಿ ತಮ್ಮ ಮರ್ಯಾದೆ ಕಳೆದುಕೊಂಡಿದ್ದಾರೆ, ಇನ್ನೂ ಅವರ ಮೇಲೇ ಹೊರಿಸಲು ಬಂದಿದ್ದೀಯಾ, ಅಂದ. ಬಟ್ಟೆ ಬಿಚ್ಚಿ ತೋರಿಸಲೂ ಬಿಡಲಿಲ್ಲ.

ಅಲ್ಲಿಂದ ನೇರ ಅಂಕಲ್ ಮನೆಗೆ ಹೋದೆ. ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್ನಿನಲ್ಲಿ, ಎಲ್ಲ ಮನೆಯೂ ಒಂದೇ ಥರ ಇರುವ ಸಬ್‌ಡಿವಿಷನ್ನು. ಆಂಟಿ ಬಾಗಿಲು ತೆಗೆದು, "ಬಾಪ್ಪ, ಕೆಲಸದ ಬಟ್ಟೇಲೇ ಬಂದಿದೀಯ, ಕೂತ್ಕೋ, ಉಪ್ಪಿಟ್ಟು ಮಾಡಿದೀನಿ" ಅಂದರು. ಕೂರಲಿಲ್ಲ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ರಾಡಿನ ತಲೆ ಇಟ್ಟೆ.

ಅಂಕಲ್ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಬೇಕಿರಲಿಲ್ಲ.

"ಬಿಳಿ ಮುರಿದೈತೆ ಅಂಕಲ್. ಹಳದಿ ಮುರಿದಿಲ್ಲ."

"ಹೂಂ."

"ಆ ಶನಿವಾರ ನೀವು ಬಿಚ್ಚಿದ್ರಾ?"

ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದು ಅಂತ ನಿನ್ನೇನೇ ಹೇಳಿದೀನಲ್ಲಯ್ಯ. ಎಲ್ಲರ ಮುಂದೆ ಹೇಳಿದೀನಿ. ಇನ್ನೇನಾಗಬೇಕು?"

"ಯಾರೂ ನಂಬ್ಲಿಲ್ಲ ಅಂಕಲ್."

"ಅದಕ್ಕೆ ನಾನೇನು ಮಾಡ್ಲಿ?" ಅಂದರು. ನಕ್ಕರು ಕೂಡ, ಸಣ್ಣಗೆ.

"ಬಾಸ್ ತಾವ್ ಬನ್ನಿ. ಇದನ್ನ ಕೈಯಲ್ಲಿ ಇಟ್ಕೊಂಡು ಹೇಳಿ. ಆರನೇದು ನಾನ್ ಬಿಚ್ಚಿದ್ದೆ, ಬಿಗಿ ಮಾಡೋದು ಮರ್ತೆ ಅಂತ. ಅಷ್ಟೇ ಹೇಳ್ಬುಡಿ, ಸಾಕು. ನನ್ ಹೆಸ್ರು ಆ ತಗಡ್ ಮೇಲೆ ಬರ್ಬೇಕಿತ್ತು ಅಂಕಲ್."

ಆಂಟಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅಂಕಲ್ ಅವರ ಕಡೆ ಒಮ್ಮೆ ನೋಡಿ, ರಾಡಿನ ತಲೆಯನ್ನು ಬಟ್ಟೆಯಲ್ಲಿ ಸುತ್ತಿದರು. ನಾಜೂಕಾಗಿ, ನಾಲ್ಕೂ ಕಡೆ ಮಡಚಿ. "ಮೂವತ್ತು ವರ್ಷ ಕಣಯ್ಯ," ಅಂದರು. "ಮೂವತ್ತು ವರ್ಷದಲ್ಲಿ ಒಂದೇ ಒಂದು ಬೋಲ್ಟು ನಾನು..." ಅಷ್ಟೇ. ಮುಂದೆ ಹೇಳಲಿಲ್ಲ. ಗಂಟನ್ನು ನನ್ನ ಕೈಗೆ ಕೊಟ್ಟು, "ಇದೊಂದೇ ಕಾರಾ ಪ್ರಪಂಚದ ಮೇಲೆ? ಇನ್ನೊಂದು ಬರತ್ತೆ, ಬಿಡು" ಅಂದರು.

ಇನ್ನೊಂದು ಬರಲಿಲ್ಲ. ನನಗೆ ಬರಲಿಲ್ಲ. ಆ ಎಂಜಿನ್ನನ್ನು ಬಾಸ್ ಇನ್ನೊಬ್ಬನ ಕೈಲಿ ಮತ್ತೆ ಕಟ್ಟಿಸಿದ. ಸಾವಿರದ ಮೇಲೆ ಹನ್ನೆರಡು ಹಾರ್ಸ್‌ಪವರ್ ಬಂತು. ತಗಡಿನ ಮೇಲೆ ಅವನ ಹೆಸರು ಕೂತಿತು. ಒಳಗಿನ ಅರ್ಧ ಕೆಲಸ, ಅಳತೆ, ತಳದ ಅಡ್ಡಪಟ್ಟಿಗಳು ಎಲ್ಲ ನನ್ನವು. ನನ್ನನ್ನು ಮತ್ತೆ ಆಯಿಲ್ಲಿಗೆ ಹಾಕಿದರು. ನಾನು ಹಾದುಹೋಗುವಾಗ ಒಬ್ಬ ರೆಂಚು ಎತ್ತಿ ಹಿಡಿದು ಬಾಯಲ್ಲಿ "ಟಿಕ್, ಟಿಕ್" ಅನ್ನುತ್ತಿದ್ದ, ಉಳಿದವರು ನಗುತ್ತಿದ್ದರು. ಅಂಕಲ್ ಅದನ್ನು ಕೇಳಿಯೂ ಕೇಳದವರ ಹಾಗೆ ಗಾಜಿನ ಕೋಣೆಗೆ ಹೋಗುತ್ತಿದ್ದರು. ಒಂದು ಸಲ ಮಾತ್ರ ನಿಂತು ಅವನಿಗೆ, ಹಾಗೆಲ್ಲ ಹಂಗಿಸಬಾರದು, ಯಾರಿಗಾದರೂ ಆಗುತ್ತದೆ, ಅಂತ ಬುದ್ಧಿ ಹೇಳಿದರು. ಯಾರಿಗಾದರೂ! ಅವತ್ತೇ ನಾನು ನನ್ನ ಟೂಲ್ ಬಾಕ್ಸ್ ತುಂಬಿಕೊಂಡೆ.

ಹೆಂಡತಿ ಇತ್ತ ಶಿಕಾಗೋ ಕಡೆಯ ಆಸ್ಪತ್ರೆಗೆ ಅಪ್ಲೈ ಮಾಡಿದಳು. ನನಗಾಗಿ ಮಾಡಿದಳು, ಬಾಯಿಬಿಟ್ಟು ಹೇಳಲಿಲ್ಲ. ಬೋಲಿಂಗ್‌ಬ್ರೂಕ್‌ಗೆ ಬಂದೆವು. ಇಲ್ಲಿ ಮೈಲಿಗಟ್ಟಲೆ ಗೋದಾಮುಗಳು, ಅವಕ್ಕೆ ಸಾಮಾನು ಹೊರುವ ಟ್ರಕ್ಕುಗಳು. ಆ ಟ್ರಕ್ಕುಗಳ ಬ್ರೇಕು, ಲೈಟು, ಟೈರು ನೋಡುವುದು ನನ್ನ ಕೆಲಸ. ನಿಯತ್ತಿನ ಕೆಲಸ, ಯಾರ ಹಂಗೂ ಇಲ್ಲ. ನಾನೀಗ ಬಿಗಿ ಮಾಡುವುದೂ ನಾನೇ, ನೋಡುವುದೂ ನಾನೇ. ಎಂಜಿನ್ ಮಾತ್ರ ಆಮೇಲೆ ಕಟ್ಟಲಿಲ್ಲ.

ವರ್ಷಕ್ಕೊಮ್ಮೆ ಯುಗಾದಿಗೆ ಅಂಕಲ್ ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. "ಏನಯ್ಯ ಮಂಡ್ಯ, ಇನ್ನೂ ಕೋಪಾನಾ?" ಅಂತ ಮೆಸೇಜ್ ಬಿಡುತ್ತಿದ್ದರು. "ವಯಸ್ಸಾದೋರು, ಬಿಟ್ಟಾಕ್ರಿ ಅತ್ಲಾಗೆ" ಅನ್ನುತ್ತಿದ್ದಳು ಹೆಂಡತಿ. ಹೋದ ವರ್ಷ ಎತ್ತಿದೆ. ದನಿ ಇಳಿದುಹೋಗಿತ್ತು. ಅಲ್ಲಿ ಇನ್ನೂ ನೀರು ಹೆಪ್ಪುಗಟ್ಟುವ ಚಳಿ ಅಂದರು. ಟ್ರಕ್ಕಿನ ಕೆಲಸ ಹೇಗೆ ಅಂದರು. ನನ್ನ ಮಗಳು ಈಗ ಯಾವ ಕ್ಲಾಸು ಅಂದರು. ಪ್ರತಿ ಮಾತಿನ ಕೊನೆಗೂ ನಾನು ಕಾದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ... "ಊಟ ಆಯ್ತಾ?" ಅಂದರು. ಆಯ್ತು ಅಂದೆ. ಇಟ್ಟುಬಿಟ್ಟರು.

ಈ ಚಳಿಗಾಲದಲ್ಲಿ ಅಂಕಲ್ ಹೋದರು. ಸುದ್ದಿ ಕೇಳಿದಾಗ ನಾನು ಟ್ರಕ್ಕಿನ ಅಡಿಯಲ್ಲಿ ಮಲಗಿದ್ದೆ, ಅಲ್ಲೇ ಮಲಗಿರಬೇಕಾಯಿತು ಸ್ವಲ್ಪ ಹೊತ್ತು. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಶ್ರದ್ಧಾಂಜಲಿ ಸಭೆಗೆ ಹೋದೆವು. ದೇವಸ್ಥಾನದ ಸಭಾಂಗಣ ತುಂಬಿತ್ತು. ಕೂಟದ ಅಧ್ಯಕ್ಷರು ಮೈಕ್ ಹಿಡಿದು ಅಂಕಲ್ ಗುಣಗಾನ ಮಾಡುತ್ತಾ ಮಾಡುತ್ತಾ ಒಂದು ಕಥೆ ಹೇಳಿದರು. ಒಬ್ಬ ಬಡ ಮೆಕ್ಯಾನಿಕ್ಕಿನ ಕೆಲಸ ಉಳಿಸಲು ಅವರು ಎಲ್ಲರ ಮುಂದೆ ತಪ್ಪು ತಮ್ಮದೆಂದು ಒಪ್ಪಿಕೊಂಡ ಕಥೆ. "ಆ ಮೆಕ್ಯಾನಿಕ್ಕು ಇವತ್ತು ಇಲ್ಲೇ ಇದ್ದಾರೆ, ಶಿಕಾಗೋದಿಂದ ಬಂದಿದ್ದಾರೆ" ಅಂದರು. ಮುನ್ನೂರು ತಲೆ ನನ್ನ ಕಡೆ ತಿರುಗಿದವು. ಕೆಲವರು ಕಣ್ಣೊರೆಸಿಕೊಂಡರು. ಎದ್ದು ನಿಂತು ಕೂಗಬೇಕು ಅನ್ನಿಸಿತು. ಮುಂದಿನ ಸಾಲಿನಲ್ಲಿ ಆಂಟಿ ಕೂತಿದ್ದರು. ಅವರೊಬ್ಬರು ನನ್ನ ಕಡೆ ತಿರುಗಲಿಲ್ಲ, ತಲೆ ತಗ್ಗಿಸಿದ್ದರು. ಆ ತಲೆ ನೋಡಿ ನನ್ನ ಹೆಂಡತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಎದ್ದು ನಿಲ್ಲಲಿಲ್ಲ.

ಊಟದ ಸಾಲಿನಲ್ಲಿ ಅಂಕಲ್ ಮಗಳು ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಆಡುವುದು ಇಂಗ್ಲಿಷು. ಅಪ್ಪ ನಿಮ್ಮನ್ನು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದರು ಅಂದಳು. ಇವಳಿಗಾದರೂ ಗೊತ್ತಾಗಲಿ ಅನ್ನಿಸಿತು. ಸಭೆಯಲ್ಲಿ ನುಂಗಿಕೊಂಡಿದ್ದು ಬಾಯಿಗೆ ಬಂತು.

"ನಿಮ್ಮಪ್ಪಂದೇ ತಪ್ಪು ಕಣಮ್ಮ ಅದು. ನಾನಲ್ಲ. ಅವರೇ ಮಾಡಿದ್ದು."

ಅವಳ ಕಣ್ಣು ತುಂಬಿ ಬಂತು. ನನ್ನ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದಳು.

"ಐ ನೋ," ಅಂದಳು, ನಗುತ್ತಾ. "ಅಪ್ಪ ಆಲ್ವೇಸ್ ಸೆಡ್ ದಟ್."

ಕೈ ಬಿಡಿಸಿಕೊಂಡು ಹೊರಗೆ ಬಂದೆ. ಊಟ ಮಾಡಲಿಲ್ಲ.

ಇದನ್ನು ಓದಿದವರಲ್ಲೂ ಅರ್ಧ ಜನ, ಪಾಪ, ಎಂಥ ದೊಡ್ಡ ಮನುಷ್ಯರು, ಇವನಿಗೆ ಉಪಕಾರಸ್ಮರಣೆ ಇಲ್ಲ ಅನ್ನುತ್ತಾರೆ ಅಂತ ಗೊತ್ತು. ಅನ್ನಲಿ. ಅವರು ನನಗೆ ಕಲಿಸಿದ್ದು ಸುಳ್ಳಲ್ಲ, ಅವರಿಲ್ಲದೆ ನನಗೆ ಖಾಲಿಯಾಗಿದೆ ಅನ್ನುವುದೂ ಸುಳ್ಳಲ್ಲ. ಆದರೆ ಆ ಆರನೇ ರಾಡನ್ನು ನಾನು ಬಿಗಿ ಮಾಡಿದ್ದೆ. ಅದು ಖಂಡಿತವಾಗಿ ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರೇ ಇದ್ದೆವು. ಎಲ್ಲೋ ಒಂದು ಮನೆಯಲ್ಲಿ, ಬಾಯಿಬಿಟ್ಟು ಹೇಳದಿದ್ದರೂ, ನನ್ನ ಕೈ ತಪ್ಪಿಲ್ಲ ಅಂತ ತಿಳಿದಿದ್ದ ಒಬ್ಬ ಮನುಷ್ಯ ಬದುಕಿದ್ದ. ಈಗ ನಾನೊಬ್ಬನೇ.